ಮೂರು ನಾಣ್ಯದ ತೂಕ: ಒಂದು ಚೀಟಿಗೆ ವ್ಯಾಖ್ಯಾನ

ಎರಡು ವರ್ಷದಿಂದ ರಸ್ತೆಯಲ್ಲಿ ಓಡುತ್ತಿದ್ದ ತಂಗಿಯ ಮಗ ಈ ಸಲ ಕಾಡುದಾರಿಗೆ ಇಳಿದಿದ್ದಾನೆ. ಚಿಕ್ಕಮಗಳೂರು ಕಡೆಯ ಕಾಫಿ ತೋಟಗಳ ನಡುವೆ ನಡೆಯುವ ಮೂವತ್ತು ಕಿಲೋಮೀಟರ್ ಟ್ರೇಲ್ ಓಟಕ್ಕೆ ಹೆಸರು ಕೊಟ್ಟು ಬಂದ. ಬಂದವನು ಶೂ ವಿಷಯ ಕೇಳಲಿಲ್ಲ, ನೀರಿನ ವಿಷಯ ಕೇಳಲಿಲ್ಲ. "ಮಾಮ, ಯಾವ ಚಾಕು ತಗೊಳ್ಳಲಿ?" ಎಂದ. ಫೋನಿನಲ್ಲಿ ಆಗಲೇ ಆರು ಚಾಕುಗಳ ಚಿತ್ರ ಇಟ್ಟುಕೊಂಡಿದ್ದ. ಅದರಲ್ಲಿ ಒಂದನ್ನು ನೋಡಿದರೆ ಹಬ್ಬದ ಕುರಿಗೆ ತರಿಸಿದ್ದೋ ಎನಿಸುವಂತಿತ್ತು.

ಬಾಯಲ್ಲಿ ಹೇಳಿದ್ದು ಈ ವಯಸ್ಸಿನವರ ತಲೆಯಲ್ಲಿ ನಿಲ್ಲುವುದಿಲ್ಲ. ಕೈಗೆ ಸಿಕ್ಕಿದ ಹಾಲಿನ ಲೆಕ್ಕದ ಚೀಟಿಯ ಬೆನ್ನಿಗೆ ಏಳು ಸಾಲು ಬರೆದುಕೊಟ್ಟೆ. ಮರುದಿನ ಸಾಲಿಗೊಂದರಂತೆ ತಕರಾರು ಹೊತ್ತು ಬಂದು ಕೂತ. ಸೂತ್ರ ಬರೆದವನೇ ಭಾಷ್ಯಕ್ಕೂ ಕೂರುವುದು ಸ್ವಲ್ಪ ನಾಚಿಕೆಯ ಕೆಲಸ. ಆದರೆ ಪೂರ್ವಪಕ್ಷ ಎದುರಿಗೇ ಕೂತು ಕಾಫಿ ಕುಡಿಯುತ್ತಿರುವಾಗ ಬೇರೆ ದಾರಿಯೂ ಇರಲಿಲ್ಲ.

ಮೂಲ

ಕತ್ತರಿಸುವುದನ್ನು ಮೊದಲು ಬರೆ, ಚಾಕುವನ್ನು ಆಮೇಲೆ ನೋಡು.
ಮೃಗಕ್ಕೆಂದು ಒಯ್ಯಬೇಡ, ಹಾವಿಗೆಂದು ತೆಗೆಯಬೇಡ.
ಮೂರು ನಾಣ್ಯದ ತೂಕ ಸಾಕು. ಆರು ಮೀರಿದರೆ ಕಾರಣ ಹೇಳು.
ಅಲಗು ಕಿರುಬೆರಳುದ್ದ, ಹಿಡಿ ಒದ್ದೆ ಕೈಗೆ ಸಿಗಲಿ, ಬೆರಳ ಮೇಲೆ ಮಡಚದಿರಲಿ.
ಬೆವರು ಉಕ್ಕನ್ನೂ ತಿನ್ನುತ್ತದೆ.
ತಳದಲ್ಲಿರುವ ಚಾಕು ಮನೆಯಲ್ಲಿರುವ ಚಾಕು.
ಗೇಟಿನಲ್ಲಿ ಕೇಳುವ ಮೊದಲೇ ಹೇಳು. ಮನೆಯಲ್ಲಿ ಕೇಳದಿದ್ದರೂ ಹೇಳು.

1. ಕತ್ತರಿಸುವುದನ್ನು ಮೊದಲು ಬರೆ, ಚಾಕುವನ್ನು ಆಮೇಲೆ ನೋಡು.

ಮೊದಲು 'ಚಾಕು' ಎಂಬ ಪದ. ನಮ್ಮಲ್ಲಿ ಕುಯ್ಯುವ ವಸ್ತುಗಳಿಗೆ ಹೆಸರಿನ ಬರವಿಲ್ಲ. ಅಡುಗೆಮನೆಯಲ್ಲಿ ಈಳಿಗೆಮಣೆ, ಎಲೆಯಡಿಕೆ ತಟ್ಟೆಯಲ್ಲಿ ಅಡಕತ್ತರಿ, ಗದ್ದೆಯಲ್ಲಿ ಕುಡುಗೋಲು. ಮಲೆನಾಡಿನ ತೋಟದಲ್ಲಿ 'ಕತ್ತಿ' ಎಂದರೆ ಸೊಂಟಕ್ಕೆ ಸಿಕ್ಕಿಸಿಕೊಂಡು ಹೋಗಿ ಮರಗಸಿ ಮಾಡುವ ಕತ್ತಿ. ಕೊಡವರ ಸೊಂಟದ ಪೀಚೆಕತ್ತಿಯ ಹಿಂದೆ ಮನೆತನದ ಮರ್ಯಾದೆಯಿದೆ. ಒಂದೊಂದು ಹೆಸರಿನೊಳಗೂ ಒಂದೊಂದು ಕೆಲಸ ಕೂತಿದೆ. ಕೆಲಸ ಗೊತ್ತಿಲ್ಲದೆ ಅಲಗು ಕೊಳ್ಳಲು ಹೊರಟವನಿಗೆ ಮಾತ್ರ ಎಲ್ಲವೂ ಬರೀ 'ಚಾಕು'.

ಓಟಗಾರ ದಾರಿಯಲ್ಲಿ ಕತ್ತರಿಸುವುದು ಏನೇನು? ನಾನು ನೆನಪಿಸಿಕೊಂಡು ಬರೆದ ಪಟ್ಟಿ ಇದು. ಉಳುಕಿದ ಕಾಲಿಗೆ ಸುತ್ತುವ ಬ್ಯಾಂಡೇಜು. ಮಂಡಿಗೆ ಅಂಟಿಸುವ ಟೇಪು. ನೆಂದು ಗಂಟು ಬಿಗಿದ ಲೇಸು. ಸಾಮಾನು ಹೊರುವ ವೆಸ್ಟಿನಿಂದ ಕಿತ್ತುಹೋಗಿ ನೇತಾಡುವ ಪಟ್ಟಿ. ಬೆರಳು ಬಾತು ಶೂ ಕಚ್ಚುತ್ತಿದ್ದರೆ ಅದರ ಮೂತಿಗೆ ಒಂದು ಸೀಳು. ಅಷ್ಟೇ. ಜೆಲ್ ಪೊಟ್ಟಣಕ್ಕೆ ಹಲ್ಲು ಸಾಕು. ಮುಳ್ಳಿಗೆ ಚಿಮಟ ಬೇಕು, ಚಾಕುವಿನಿಂದ ಕೆದಕಿದರೆ ಅದು ಇನ್ನೂ ಒಳಗೆ ಹೋಗುತ್ತದೆ. ಇಂಬಳ ಕಚ್ಚಿಕೊಂಡರೆ ಅದರ ಬಾಯಿಯ ಬುಡಕ್ಕೆ ಉಗುರು ಕೊಟ್ಟು ಪಕ್ಕಕ್ಕೆ ಸರಿಸಿದರೆ ಬಿಡುತ್ತದೆ. ಓಡುವ ಕಾಲಿನ ಹತ್ತಿರ ಅಲಗು ತರುವ ಅಗತ್ಯವೇ ಇಲ್ಲ. ಉಗುರಲ್ಲಿ ಹೋಗುವುದಕ್ಕೆ ಕೊಡಲಿ ಯಾಕೆ ಎಂದು ಹಿರಿಯರು ಸುಮ್ಮನೆ ಕೇಳಲಿಲ್ಲ.

ಆಲ್ಪ್ಸ್ ಪರ್ವತದ ಮೋಂಬ್ಲಾಂ ಸುತ್ತ ನಡೆಯುವ ಯುಟಿಎಂಬಿ ಓಟದ ಕಡ್ಡಾಯ ಸಾಮಾನಿನ ಪಟ್ಟಿಯಲ್ಲಿ ಸೀಟಿ ಇದೆ, ದೀಪ ಇದೆ, ಮೈ ಬೆಚ್ಚಗಿಡುವ ತೆಳು ಹಾಳೆ ಇದೆ, ಕನಿಷ್ಠ 100 ಸೆಂ.ಮೀ. ಉದ್ದ 6 ಸೆಂ.ಮೀ. ಅಗಲದ ಅಂಟುವ ಬ್ಯಾಂಡೇಜು ಇದೆ. ಚಾಕು ಇಲ್ಲ. ಬ್ಯಾಂಡೇಜು ಮುಖ್ಯ, ಅದನ್ನು ಕತ್ತರಿಸುವುದು ಆಮೇಲಿನ ಮಾತು.

ಇಲ್ಲಿ ಅಳಿಯನ ಮೊದಲ ತಕರಾರು: "ಹಾಗಾದರೆ ಕತ್ತರಿಯೇ ಸಾಕಲ್ಲ ಮಾಮ?"

ಸಾಕು. ನಿಜಕ್ಕೂ ಸಾಕು. ಟೇಪನ್ನು, ಬ್ಯಾಂಡೇಜನ್ನು ಕತ್ತರಿ ಕತ್ತರಿಸುವಷ್ಟು ಚೆನ್ನಾಗಿ ಚಾಕು ಕತ್ತರಿಸದು. ಚಾಕುವಿಗೆ ಬಟ್ಟೆಯನ್ನು ಎಳೆದು ಹಿಡಿಯಲು ಇನ್ನೊಂದು ಕೈ ಬೇಕು, ಆ ಕೈ ಆಗ ನೋಯುವ ಕಾಲನ್ನು ಹಿಡಿದಿರುತ್ತದೆ. ಆದ್ದರಿಂದ ಮೊದಲ ಆಯ್ಕೆ ಅಲಗಿನ ಜತೆ ಪುಟ್ಟ ಕತ್ತರಿಯೂ ಇರುವಂಥದ್ದು. ಸ್ವಿಟ್ಜರ್ಲೆಂಡಿನ ಕಾರ್ಲ್ ಎಲ್ಸೆನರ್ ಎಂಬ ಚಾಕು ಕಸುಬಿನವರು 1884ರಲ್ಲಿ ತೆರೆದ ಕಾರ್ಯಾಗಾರವೇ ಇಂದಿನ ವಿಕ್ಟೊರಿನಾಕ್ಸ್. ಅವರ ಕ್ಲಾಸಿಕ್ ಎಸ್‌ಡಿ ಎಂಬ 58 ಮಿ.ಮೀ. ಉದ್ದದ ಪುಟಾಣಿಯಲ್ಲಿ ಒಂದು ಅಲಗು, ಒಂದು ಕತ್ತರಿ, ಉಗುರು ಉಜ್ಜುವ ಅರ, ಒಂದು ಚಿಮಟ, ಒಂದು ಹಲ್ಲುಕಡ್ಡಿ ಇವೆ. ಮೇಲಿನ ಪಟ್ಟಿಯನ್ನು ಇದರ ಪಕ್ಕದಲ್ಲಿಟ್ಟು ಓದಿದರೆ ಉಳಿಯುವ ಕೆಲಸ ಕಡಿಮೆ.

2. ಮೃಗಕ್ಕೆಂದು ಒಯ್ಯಬೇಡ, ಹಾವಿಗೆಂದು ತೆಗೆಯಬೇಡ.

ಯಾರೂ ಬಾಯಿಬಿಟ್ಟು ಹೇಳದ ಕಾರಣ ಇದು. ಚಾಕು ಕೇಳುವವರಲ್ಲಿ ಅರ್ಧ ಜನ ನಿಜವಾಗಿ ಕೇಳುವುದು ಧೈರ್ಯ. ಧೈರ್ಯ ಅಂಗಡಿಯಲ್ಲಿ ಸಿಗುವುದಾದರೆ ಅದರ ಮೇಲೂ ಗ್ರಾಂ ಲೆಕ್ಕ ಬರೆದಿರುತ್ತಿದ್ದರು.

ನಮ್ಮ ತೋಟದ ದಾರಿಗಳಲ್ಲಿ ಎದುರಾಗಬಹುದಾದ ದೊಡ್ಡ ಪ್ರಾಣಿ ಆನೆ. ಅದರ ಮುಂದೆ ಕಿರುಬೆರಳುದ್ದದ ಅಲಗು ಹಿಡಿದು ನಿಲ್ಲುವ ಚಿತ್ರವನ್ನು ಒಮ್ಮೆ ಕಣ್ಣಮುಂದೆ ತಂದುಕೊಂಡರೆ ಸಾಕು. ಆನೆ ಓಡಾಡುವ ಹೊತ್ತು, ಜಾಗ ತಿಳಿದುಕೊಂಡು ಅತ್ತ ಹೋಗದಿರುವುದೇ ಆಯುಧ. ಬೀದಿನಾಯಿ ಅಟ್ಟಿಸಿಕೊಂಡು ಬಂದರೆ ಓಟ ನಿಲ್ಲಿಸಿ ನಡೆಯುವುದೇ ಆಯುಧ.

"ಅಮೆರಿಕದಲ್ಲಿ ಒಬ್ಬ ಓಡುವಾಗ ಚಿರತೆ ಕೊಂದನಂತಲ್ಲ?" ಎಂದ ಅಳಿಯ. ಕೇಳಿದ್ದು ಸರಿ, ಪ್ರಾಣಿ ಬೇರೆ. 2019ರ ಫೆಬ್ರವರಿಯಲ್ಲಿ ಕೊಲೊರಾಡೋದ ಹಾರ್ಸ್‌ಟೂತ್ ಬೆಟ್ಟದಲ್ಲಿ ಒಂಟಿಯಾಗಿ ಓಡುತ್ತಿದ್ದವನ ಮೇಲೆ ಬಿದ್ದದ್ದು ಎಳೆಯ ಪ್ಯೂಮಾ. ಅವನ ಕೈ ಅದರ ಬಾಯಲ್ಲಿತ್ತು. ಇನ್ನೊಂದು ಕೈಗೆ ಸಿಕ್ಕಿದ ಕಡ್ಡಿ, ಕಲ್ಲಿನಿಂದ ಹೊಡೆದು, ಕೊನೆಗೆ ಅದರ ಕತ್ತನ್ನು ಕಾಲಿನಿಂದ ಅದುಮಿ ಉಳಿದುಕೊಂಡ. ಅವನಲ್ಲಿ ಚಾಕು ಇರಲಿಲ್ಲ. ಇದ್ದಿದ್ದರೂ ಜಿಪ್ ತೆಗೆದು, ಅಲಗು ಬಿಚ್ಚುವಷ್ಟು ಪುರಸೊತ್ತನ್ನು ಆ ಪ್ರಾಣಿ ಕೊಡುತ್ತಿರಲಿಲ್ಲ.

ಇನ್ನು 'ಹಾವಿಗೆಂದು ತೆಗೆಯಬೇಡ'. ಹಾವು ಕಚ್ಚಿದ ಜಾಗವನ್ನು ಕೊಯ್ದು ರಕ್ತ ಹರಿಸಬೇಕೆಂಬ ನಂಬಿಕೆ ಸಿನಿಮಾಗಳಿಂದ ಇನ್ನೂ ಇಳಿದಿಲ್ಲ. ಕೊಯ್ಯಬಾರದು, ಹೀರಬಾರದು, ಬಿಗಿಯಾಗಿ ಕಟ್ಟಬಾರದು. ಕೊಯ್ದರೆ ವಿಷ ಹೊರಗೆ ಬರುವುದಿಲ್ಲ. ಮಂಡಲದ ಹಾವಿನ ವಿಷವಾದರೆ ರಕ್ತ ಹೆಪ್ಪುಗಟ್ಟುವುದೇ ನಿಂತು, ನಾವೇ ಮಾಡಿದ ಗಾಯ ಸೋರುತ್ತಲೇ ಇರುತ್ತದೆ. ಕೂರಿಸಿ, ಕಾಲು ಅಲುಗದಂತೆ ಮಾಡಿ, ಹೊತ್ತು ಇಳಿಸಿ, 108ಕ್ಕೆ ಹೇಳಿ, ವಿಷನಿರೋಧಕ ಔಷಧ ಇರುವ ಆಸ್ಪತ್ರೆಗೆ ಸೇರಿಸುವುದೊಂದೇ ದಾರಿ.

ಬರೆದ ಮೇಲೆ ಈ ಸಾಲಿಗೆ ನಾನೇ ಒಂದು ತಿದ್ದುಪಡಿ ಹಾಕಬೇಕಾಯಿತು. ಕಚ್ಚಿದ ಕಾಲು ಬಾತುಕೊಳ್ಳುತ್ತದೆ. ಆಗ ಬಿಗಿಯಾದ ಲೇಸು, ಕಾಲ್ಚೀಲ, ಕಾಲಿನ ದಾರ ಕತ್ತರಿಸಲು ಚಾಕು ತೆಗೆಯಬಹುದು. ಬಟ್ಟೆಯವರೆಗೆ ಮಾತ್ರ, ಚರ್ಮದವರೆಗೆ ಅಲ್ಲ.

3. ಮೂರು ನಾಣ್ಯದ ತೂಕ ಸಾಕು. ಆರು ಮೀರಿದರೆ ಕಾರಣ ಹೇಳು.

ನಾಣ್ಯ ಎಂದರೆ ಹತ್ತು ರೂಪಾಯಿಯದು. ಹಳದಿ ಅಂಚಿನ ಆ ಬಿಲ್ಲೆಯ ತೂಕ 7.7 ಗ್ರಾಂ ಚಿಲ್ಲರೆ, ಮೂರು ಸೇರಿದರೆ 23. ಮೇಲೆ ಹೇಳಿದ ಸ್ವಿಸ್ ಪುಟಾಣಿ ಸುಮಾರು 21 ಗ್ರಾಂ. ಆರು ನಾಣ್ಯಕ್ಕೆ 46 ಗ್ರಾಂ. ಈ ಎರಡು ಗೆರೆಗಳ ನಡುವೆ ಬೇಕಾದಷ್ಟು ಚಾಕುಗಳಿವೆ. ಡೀಜೋ ಎಂಬ ಫ್ರೆಂಚ್ ಕಂಪನಿ ತನ್ನ ಚಾಕುಗಳಿಗೆ ತೂಕವನ್ನೇ ಹೆಸರಿಟ್ಟಿದೆ: 15 ಗ್ರಾಂ, 27 ಗ್ರಾಂ, 37 ಗ್ರಾಂ. ಹಿಡಿಯೆಂದರೆ ಲೋಹದ ಒಂದು ಎಲುಬುಗೂಡು, ಅಷ್ಟೆ. ಸ್ಪೈಡರ್ಕೋದ ಡ್ರ್ಯಾಗನ್‌ಫ್ಲೈ ಪ್ಲಾಸ್ಟಿಕ್ ಹಿಡಿಯದು, ಸುಮಾರು 34 ಗ್ರಾಂ. ಮಡಚದ ಗಟ್ಟಿ ಅಲಗು ಬೇಕೆಂದರೆ ತೂಕ ಏರುತ್ತದೆ. ಚಿಕ್ಕದೆಂದು ಹೆಸರಾದ ಇಸೀ ಇಜುಲಾ ಕೂಡ ಒರೆಯಿಲ್ಲದೆಯೇ 60 ಗ್ರಾಮಿನ ಹತ್ತಿರ ಬರುತ್ತದೆ, ಒರೆ ಸೇರಿದರೆ ಗೆರೆ ದಾಟಿ ದೂರ ಹೋಗುತ್ತದೆ.

ತಕರಾರು: "ಬೆನ್ನ ಮೇಲೆ ಒಂದು ಲೀಟರ್ ನೀರು, ಅಂದರೆ ಒಂದು ಕಿಲೋ. ಅದರ ಮುಂದೆ ಐವತ್ತು ಗ್ರಾಂ ಏನು ಮಹಾ?"

ಒಳ್ಳೆಯ ಪ್ರಶ್ನೆ. ಎರಡು ಉತ್ತರ. ನೀರು ಕುಡಿದಂತೆ ಕರಗುತ್ತದೆ, ಚಾಕು ಮೊದಲ ಹೆಜ್ಜೆಯಿಂದ ಕೊನೆಯ ಹೆಜ್ಜೆಯವರೆಗೂ ಅಷ್ಟೇ ತೂಕವಿರುತ್ತದೆ. ಮೂವತ್ತು ಕಿಲೋಮೀಟರಿಗೆ ಹತ್ತಿರ ಹತ್ತಿರ ಮೂವತ್ತು ಸಾವಿರ ಹೆಜ್ಜೆ. ಪ್ರತಿ ಹೆಜ್ಜೆಗೂ ಜೇಬಿನ ವಸ್ತು ಒಮ್ಮೆ ಎದ್ದು ಒಮ್ಮೆ ಬೀಳುತ್ತದೆ. ಸಡಿಲ ಜೇಬಿನಲ್ಲಿರುವ ಅರವತ್ತು ಗ್ರಾಮಿನ ಉಕ್ಕು ಹತ್ತನೇ ಕಿಲೋಮೀಟರಿನಲ್ಲಿ ಪಕ್ಕೆಲುಬಿಗೆ ತನ್ನ ಹೆಸರು ಹೇಳತೊಡಗುತ್ತದೆ. ಎರಡನೆಯದು, 'ಐವತ್ತು ಗ್ರಾಂ ತಾನೇ' ಎಂಬ ಮಾತು ಒಂಟಿಯಾಗಿ ಬರುವುದಿಲ್ಲ. ಹತ್ತು ವಸ್ತುಗಳಿಗೆ ಹಾಗೆಂದರೆ ಅರ್ಧ ಕಿಲೋ. ಆ ಅರ್ಧ ಕಿಲೋದಲ್ಲಿ ಮಳೆಯಂಗಿ ಬರುತ್ತಿತ್ತು.

'ಕಾರಣ ಹೇಳು' ಎಂದದ್ದು ಬೇಡವೆನ್ನಲು ಅಲ್ಲ. ಎರಡು ದಿನ ಕಾಡಿನಲ್ಲೇ ಉಳಿಯುವವನು, ಒಲೆಗೆ ಕಡ್ಡಿ ಸೀಳಬೇಕಾದವನು ಎಂಬತ್ತು ಗ್ರಾಮಿನದ್ದನ್ನೂ ಒಯ್ಯಲಿ. ಅವನಿಗೆ ಕಾರಣವಿದೆ.

4. ಅಲಗು ಕಿರುಬೆರಳುದ್ದ, ಹಿಡಿ ಒದ್ದೆ ಕೈಗೆ ಸಿಗಲಿ, ಬೆರಳ ಮೇಲೆ ಮಡಚದಿರಲಿ.

ಕಿರುಬೆರಳುದ್ದ ಎಂದರೆ ಐದಾರು ಸೆಂಟಿಮೀಟರ್. ಮೊದಲ ಸಾಲಿನ ಪಟ್ಟಿಯಲ್ಲಿ ಇದಕ್ಕಿಂತ ಉದ್ದದ ಅಲಗು ಕೇಳುವ ಕೆಲಸ ಒಂದೂ ಇಲ್ಲ.

'ಒದ್ದೆ ಕೈ' ಎಂಬಲ್ಲಿ ನಿಲ್ಲಬೇಕು. ಅಂಗಡಿಯಲ್ಲಿ ಫ್ಯಾನಿನ ಕೆಳಗೆ ನಿಂತು ಚಾಕು ಬಿಚ್ಚಿ ನೋಡುವವನ ಕೈ ಒಣಗಿರುತ್ತದೆ, ಬೆರಳು ಬೆಚ್ಚಗಿರುತ್ತವೆ. ಮಲೆನಾಡಿನ ಮಳೆಯಲ್ಲಿ ಮೂರು ಗಂಟೆ ಓಡಿದವನ ಬೆರಳು ಸುಕ್ಕುಗಟ್ಟಿ, ಚಳಿಗೆ ಮರಗಟ್ಟಿರುತ್ತವೆ. ಅಲಗಿನ ಪಕ್ಕದಲ್ಲಿ ಉಗುರು ಸಿಕ್ಕಿಸಿ ಎಳೆಯಲೆಂದು ಒಂದು ಸಣ್ಣ ಗೀರು ಇರುತ್ತದಲ್ಲ, ಆಗ ಅದು ಸಿಗುವುದೇ ಇಲ್ಲ. ಪರೀಕ್ಷೆ ಸುಲಭ. ಕೊಂಡು ತಂದ ದಿನ ಐಸು ಹಾಕಿದ ನೀರಿನಲ್ಲಿ ಎರಡು ನಿಮಿಷ ಕೈಯಿಟ್ಟು, ಒರೆಸಿಕೊಳ್ಳದೆ ಬಿಚ್ಚಿ ನೋಡು. ಇಲ್ಲಿ ಸ್ಪೈಡರ್ಕೋ ಅಲಗಿನ ಬುಡದ ದುಂಡು ತೂತು ಕೆಲಸಕ್ಕೆ ಬರುತ್ತದೆ, ಹೆಬ್ಬೆರಳನ್ನು ಅದಕ್ಕೆ ಒತ್ತಿ ತಳ್ಳಿದರಾಯಿತು.

'ಮಡಚದಿರಲಿ' ಎಂದರೆ ಲಾಕ್. ಸ್ವಿಸ್ ಪುಟಾಣಿಯ ಅಲಗನ್ನು ಹಿಡಿದಿಡುವುದು ಬರೀ ಒಂದು ಸ್ಪ್ರಿಂಗು. ಎಳೆದು ಕುಯ್ಯುವಾಗ ತೊಂದರೆಯಿಲ್ಲ. ಮೊನೆಯಿಂದ ಚುಚ್ಚಿ ತೂತು ಮಾಡಲು ಹೋದರೆ ಅಲಗು ಬೆರಳ ಮೇಲೆ ಮಡಚಿಕೊಳ್ಳುತ್ತದೆ. ಚುಚ್ಚುವ ಕೆಲಸವಿದೆ ಎನ್ನುವವನು ಲಾಕ್ ಇರುವುದನ್ನೇ ನೋಡಬೇಕು. ಫ್ರಾನ್ಸಿನ ಸವೊಯ್ ಬೆಟ್ಟಸೀಮೆಯಲ್ಲಿ ಜೋಸೆಫ್ ಒಪಿನೆಲ್ 1890ರಲ್ಲಿ ಮಾಡಿದ ಮರದ ಹಿಡಿಯ ಚಾಕುವಿಗೆ 1955ರಲ್ಲಿ ಒಂದು ತಿರುಗುವ ಉಂಗುರ ಸೇರಿತು. ತಿರುಗಿಸಿದರೆ ಅಲಗು ಭದ್ರ. ಅಗ್ಗ, ಹಗುರ, ಚೆಂದ. ಆದರೆ ಮರ ನೆಂದರೆ ಉಬ್ಬಿ ಅಲಗನ್ನು ಕಚ್ಚಿ ಹಿಡಿಯುತ್ತದೆ. ಆ ಸೀಮೆಯವರು ಹಿಡಿಯ ಹಿಂಬದಿಯನ್ನು ಮೇಜಿಗೆ ಟಕ್ಕೆಂದು ಕುಟ್ಟಿ ಅಲಗನ್ನು ಹೊರಗೆಬ್ಬಿಸುತ್ತಾರೆ. ಒಣಹವೆಯ ಬೆಟ್ಟಕ್ಕೆ ಸರಿ. ನಮ್ಮ ಆಗುಂಬೆಯ ಮಳೆಗೆ ನಾನು ಅದನ್ನು ಹೇಳುವುದಿಲ್ಲ.

ಬಿಚ್ಚಿದ ಚಾಕು ಹಿಡಿದು ಒಂದು ಹೆಜ್ಜೆಯೂ ಓಡಕೂಡದು. ಇದಕ್ಕೆ ವ್ಯಾಖ್ಯಾನ ಬೇಡ.

5. ಬೆವರು ಉಕ್ಕನ್ನೂ ತಿನ್ನುತ್ತದೆ.

ಸ್ಟೇನ್‌ಲೆಸ್ ಎಂದರೆ ತುಕ್ಕೇ ಹಿಡಿಯದ್ದಲ್ಲ, ನಿಧಾನವಾಗಿ ಹಿಡಿಯುವಂಥದ್ದು. ಉಕ್ಕಿಗೆ ಸಾಕಷ್ಟು ಕ್ರೋಮಿಯಂ ಬೆರೆತಾಗ ಮೈಮೇಲೆ ಕಣ್ಣಿಗೆ ಕಾಣದ ಒಂದು ಪೊರೆ ಕಟ್ಟುತ್ತದೆ. ಬೆವರಿನ ಉಪ್ಪು ಆ ಪೊರೆಯನ್ನು ಅಲ್ಲಲ್ಲಿ ತೂತು ಮಾಡುತ್ತದೆ. ಓಟಗಾರನ ಎದೆಯ ಜೇಬು ಚಾಕುವಿನ ಪಾಲಿಗೆ ಸಮುದ್ರತೀರ. ಕಾರ್ಬನ್ ಉಕ್ಕು ಹರಿತ ಚೆನ್ನಾಗಿ ಹಿಡಿಯುತ್ತದೆ, ಆದರೆ ಒಂದು ಭಾನುವಾರದ ಓಟಕ್ಕೇ ಕಂದುಬಣ್ಣಕ್ಕೆ ತಿರುಗುತ್ತದೆ. ಇಂಗಾಲ ತಗ್ಗಿಸಿ ಸಾರಜನಕ ಬೆರೆಸಿದ ಎಚ್1, ಎಲ್‌ಸಿ200ಎನ್ ಎಂಬ ಉಕ್ಕುಗಳು ಉಪ್ಪುನೀರಿಗೂ ಜಗ್ಗುವುದಿಲ್ಲ, ಬೆಲೆ ಮಾತ್ರ ಕೈ ಕಚ್ಚುತ್ತದೆ. ಸಾಮಾನ್ಯ ಸ್ಟೇನ್‌ಲೆಸ್ಸೇ ಸಾಕು ಎನ್ನುವವನು ಓಟ ಮುಗಿದ ಸಂಜೆ ಸಿಹಿನೀರಲ್ಲಿ ತೊಳೆದು, ಒಣಗಿಸಿ, ಕೀಲಿಗೆ ಹೊಲಿಗೆ ಯಂತ್ರದ ಎಣ್ಣೆ ಒಂದು ತೊಟ್ಟು ಬಿಡಲಿ. ಕೊಬ್ಬರಿ ಎಣ್ಣೆ ಬೇಡ, ಅಂಟಾಗಿ ಧೂಳು ಹಿಡಿಯುತ್ತದೆ.

ಹರಿತದ ಮಾತು ಬಂದಾಗ ಆರನ್ ರಾಲ್‌ಸ್ಟನ್ ನೆನಪಾಗುತ್ತಾರೆ. 2003ರ ಏಪ್ರಿಲಿನಲ್ಲಿ ಅಮೆರಿಕದ ಯೂಟಾದ ಬ್ಲೂಜಾನ್ ಕಣಿವೆಯಲ್ಲಿ ಜಾರಿದ ಬಂಡೆಯೊಂದು ಅವರ ಬಲಗೈಯನ್ನು ಗೋಡೆಗೆ ಒತ್ತಿ ಹಿಡಿಯಿತು. ಇದ್ದದ್ದು ಅಗ್ಗದ ಒಂದು ಮಲ್ಟಿಟೂಲು. ಅದರ ಅಲಗಿನಿಂದ ಬಂಡೆಯನ್ನು ಕೆತ್ತಲು ನೋಡಿ ಇದ್ದ ಹರಿತವೂ ಹೋಯಿತು. ಕೊನೆಗೆ ಕೈಯ ಎಲುಬನ್ನು ಒತ್ತಿ ಮುರಿದುಕೊಂಡು, ಆ ಮೊಂಡು ಅಲಗಿನಿಂದಲೇ ಕೈ ಕತ್ತರಿಸಿಕೊಂಡು ಹೊರಬಂದರು. ಎ.ಆರ್. ರೆಹಮಾನ್ ಸಂಗೀತವಿದ್ದ '127 ಅವರ್ಸ್' ಸಿನಿಮಾ ನೋಡಿದವರಿಗೆ ಆ ದೃಶ್ಯ ಮರೆಯದು. ಅಳಿಯ ನೋಡಿದ್ದ. "ಅದಕ್ಕೇ ಮಾಮ, ಒಳ್ಳೆಯ ಚಾಕು ಬೇಕು" ಎಂದ. ಅದಕ್ಕೆ ಉತ್ತರ ಏಳನೇ ಸಾಲಿನಲ್ಲಿದೆ, ತಡಿ ಎಂದೆ.

6. ತಳದಲ್ಲಿರುವ ಚಾಕು ಮನೆಯಲ್ಲಿರುವ ಚಾಕು.

ಇದು ಪುಸ್ತಕದಿಂದ ಬಂದ ಸಾಲಲ್ಲ, ಕೆಸರಿನಿಂದ ಬಂದದ್ದು. ಕೆಲವು ವರ್ಷದ ಹಿಂದೆ ಇದೇ ಕಡೆಯ ತೋಟದ ಇಳಿಜಾರಿನಲ್ಲಿ ಮುಂದೆ ಓಡುತ್ತಿದ್ದ ಗೆಳೆಯ ಸಿಲ್ವರ್ ಓಕ್ ಬೇರಿಗೆ ಕಾಲು ಸಿಕ್ಕಿಸಿಕೊಂಡು ಬಿದ್ದ. ಹಿಮ್ಮಡಿಯ ಮೇಲಿನ ಗಂಟು ನಮ್ಮ ಕಣ್ಣೆದುರೇ ನಿಂಬೆಹಣ್ಣಿನಷ್ಟು ಊದಿತು. ಬ್ಯಾಂಡೇಜಿನ ಹೊಸ ಸುರುಳಿ ಕೈಯಲ್ಲೇ ಇತ್ತು. ಚಾಕು ಎಲ್ಲಿ? ವೆಸ್ಟಿನ ಬೆನ್ನಿನ ಚೀಲದ ತಳದಲ್ಲಿ, ಮಳೆಯಂಗಿಯ ಕೆಳಗೆ, ಪ್ಲಾಸ್ಟಿಕ್ ಕವರಿನೊಳಗೆ. ಜಡಿಮಳೆಯಲ್ಲಿ ಕೂತು ಒಂದೊಂದೇ ವಸ್ತುವನ್ನು ಕಾಫಿ ಗಿಡದ ಬುಡಕ್ಕೆ ಹರಡಿದೆ. ಚಪಾತಿ ನೆಂದಿತು, ಫೋನ್ ನೆಂದಿತು, ಕಾಲಿಗೆ ಇಂಬಳ ಹತ್ತಿದವು. ಕೊನೆಗೆ ಗೆಳೆಯ ನನ್ನ ಕೈಯಿಂದ ಸುರುಳಿ ಕಿತ್ತುಕೊಂಡು, ಹಲ್ಲಿನಲ್ಲಿ ಕಚ್ಚಿ ಹರಿದುಕೊಂಡು, ತಾನೇ ಸುತ್ತಿಕೊಂಡ. ಚಾಕು ಸಿಕ್ಕಿದ್ದು ಆಮೇಲೆ. ಆ ಚಾಕು ಬಹಳ ಒಳ್ಳೆಯ ಚಾಕು.

ಅಂದಿನಿಂದ ನನ್ನದು ಎದೆಯ ಬಲಗಡೆ ಜಿಪ್ ಜೇಬಿನಲ್ಲಿ, ಗೇಣುದ್ದದ ದಾರದಲ್ಲಿ ಒಳಗಿನ ಕೊಂಡಿಗೆ ಕಟ್ಟಿ ಇರುತ್ತದೆ. ಜಿಪ್ ಇಲ್ಲದ ಜೇಬಿಗೆ ಹಾಕಿದರೆ ಇಳಿಜಾರಿನಲ್ಲಿ ಹಾರಿ ಹೋಗುತ್ತದೆ. ಬಣ್ಣ ಕೆಂಪೋ ಕಿತ್ತಳೆಯೋ ಇರಲಿ. ಕಪ್ಪು ಚಾಕು ಚಿತ್ರದಲ್ಲಿ ಗಂಭೀರವಾಗಿ ಕಾಣುತ್ತದೆ. ಕಾಫಿ ಎಲೆಯ ತರಗಿನ ಮೇಲೆ ಬಿದ್ದರೆ ಕಾಣುವುದೇ ಇಲ್ಲ.

7. ಗೇಟಿನಲ್ಲಿ ಕೇಳುವ ಮೊದಲೇ ಹೇಳು. ಮನೆಯಲ್ಲಿ ಕೇಳದಿದ್ದರೂ ಹೇಳು.

ಮೊದಲರ್ಧ ಕಾನೂನು. 2016ರ ಆಯುಧ ನಿಯಮಗಳ ಪಟ್ಟಿ 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲದ ಅಲಗುಗಳ ಮಾತಾಡುತ್ತದೆ, ಮನೆಬಳಕೆ, ಬೇಸಾಯದ ಸಾಧನಗಳನ್ನು ಬಿಟ್ಟು. ನಮ್ಮ ಕಿರುಬೆರಳು ಆ ಲೆಕ್ಕಕ್ಕೇ ಬರುವುದಿಲ್ಲ ಎಂದು ಅಳಿಯ ಹಿಗ್ಗಿದ. ಹಿಗ್ಗುವ ಮೊದಲು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಓದಬೇಕು. ಅದರಲ್ಲಿ 'ಆಯುಧ' ಪದದ ವಿವರಣೆಯೊಳಗೆ ಬಲೆ, ಉರುಳು, ಬಿಲ್ಲುಬಾಣಗಳ ಜತೆ ಚಾಕುವೂ ಇದೆ. ಇಂಚಿನ ಲೆಕ್ಕವಿಲ್ಲ. ಮುಖ್ಯ ವನ್ಯಜೀವಿ ಪರಿಪಾಲಕರ ಲಿಖಿತ ಅನುಮತಿಯಿಲ್ಲದೆ ಆಯುಧದೊಡನೆ ಅಭಯಾರಣ್ಯದೊಳಗೆ ಹೋಗುವಂತಿಲ್ಲ. ರಾಷ್ಟ್ರೀಯ ಉದ್ಯಾನಕ್ಕೂ ಇದೇ ಮಾತು. ಕುಮಾರಪರ್ವತ ಇರುವುದು ಪುಷ್ಪಗಿರಿ ಅಭಯಾರಣ್ಯದಲ್ಲಿ, ಕುದುರೆಮುಖದ ಶಿಖರ ರಾಷ್ಟ್ರೀಯ ಉದ್ಯಾನದಲ್ಲಿ. ಅಂಥ ಕಡೆ ಗೇಟಿನಲ್ಲೇ ತೆಗೆದು ತೋರಿಸು, ಬೇಡವೆಂದರೆ ಅಲ್ಲೇ ಕೊಟ್ಟು ಹೋಗು. ಬ್ಯಾಂಡೇಜನ್ನು ಮನೆಯಲ್ಲೇ ತುಂಡು ಮಾಡಿ ಸುತ್ತಿಟ್ಟುಕೊಂಡರೆ ಚಾಕುವಿನ ಅರ್ಧ ಕೆಲಸ ಮುಗಿದಂತೆಯೇ. ತೋಟದ ದಾರಿಯ ಓಟಕ್ಕೆ ಈ ತೊಡಕು ಕಡಿಮೆ.

ವಿಮಾನದಲ್ಲಿ ಹೋಗುವವರು ಚಾಕುವನ್ನು ಕೈಚೀಲದಲ್ಲಿ ಮರೆಯಬಾರದು, ಅದು ಕೆಳಗೆ ಹಾಕುವ ಪೆಟ್ಟಿಗೆಗೆ ಸೇರಿದ್ದು. ಬ್ರಿಟನ್ನಿನಲ್ಲಿರುವ ನಮ್ಮವರಿಗೆ ಇನ್ನೊಂದು ಮಾತು: ಅಲ್ಲಿ ಕಾರಣವಿಲ್ಲದೆ ಜೇಬಿನಲ್ಲಿಟ್ಟುಕೊಳ್ಳಬಹುದಾದದ್ದು ಮಡಚುವ, 3 ಇಂಚು ಮೀರದ, ಲಾಕ್ ಇಲ್ಲದ ಚಾಕು ಮಾತ್ರ. ನಾಲ್ಕನೇ ಸಾಲಿನಲ್ಲಿ ನಾನು ಹೊಗಳಿದ ಲಾಕು ಅಲ್ಲಿ ತಪ್ಪಾಗುತ್ತದೆ.

ಉತ್ತರಾರ್ಧಕ್ಕೆ ರಾಲ್‌ಸ್ಟನ್ ಮತ್ತೆ ಬರಬೇಕು. ಅವರ ಕಥೆ ಕೇಳಿದವರೆಲ್ಲ ಚಾಕುವಿನ ವಿಷಯ ಮಾತಾಡುತ್ತಾರೆ. ಆ ಕಣಿವೆಗೆ ಹೊರಟಾಗ ಎಲ್ಲಿಗೆ ಹೋಗುತ್ತಿದ್ದೇನೆಂದು ಅವರು ಯಾರಿಗೂ ಹೇಳಿರಲಿಲ್ಲ. 127 ಗಂಟೆ ಆದದ್ದು ಅದಕ್ಕೆ. ಒಬ್ಬರಿಗೆ ಹೇಳಿದ್ದರೆ ಎರಡನೇ ದಿನವೇ ಯಾರಾದರೂ ಹುಡುಕಲು ಹೊರಡುತ್ತಿದ್ದರೇನೋ. "ಒಳ್ಳೆಯ ಚಾಕು ಬೇಕು" ಎಂಬ ಮಾತಿಗೆ ನನ್ನ ಉತ್ತರ ಇಷ್ಟೇ: ಎಲ್ಲಿಗೆ, ಯಾವ ದಾರಿ, ಎಷ್ಟು ಹೊತ್ತಿಗೆ ವಾಪಸು, ಯಾರ ಜತೆ ಎಂದು ನಿನ್ನ ಅಮ್ಮನಿಗೆ ಬರೆದು ಹೋಗು. ಅದಕ್ಕೆ ಗ್ರಾಂ ಲೆಕ್ಕವಿಲ್ಲ.

ಅಳಿಯ ಕೊನೆಗೆ ಕೆಂಪು ಪುಟಾಣಿಯನ್ನೇ ಕೊಂಡ. ಓಟಕ್ಕೆ ಮುಂಚೆ ಅಭ್ಯಾಸಕ್ಕೆಂದು ತೋಟದ ದಾರಿಗೆ ಹೋದ ದಿನ ಬೆಳಗ್ಗೆ ಐದೂ ಮುಕ್ಕಾಲಿಗೆ ತಂಗಿಯ ಫೋನಿಗೆ ಸಂದೇಶ ಬಂತು. "ಇಬ್ಬರಿದ್ದೇವೆ. ತೋಟದ ಮೇಲಿನ ದಾರಿ. ಹನ್ನೊಂದಕ್ಕೆ ಕೆಳಗೆ." ಹನ್ನೊಂದೂ ಇಪ್ಪತ್ತಕ್ಕೆ ಇನ್ನೊಂದು: "ಇಳಿದೆವು." ಸಂಜೆ ಸಿಕ್ಕಿದಾಗ ಏನು ಕತ್ತರಿಸಿದೆ ಎಂದು ಕೇಳಿದೆ. ಏನೂ ಇಲ್ಲ ಮಾಮ, ಜೇಬಿನಲ್ಲಿ ಇತ್ತು ಅನ್ನುವುದೇ ಮರೆತುಹೋಗಿತ್ತು ಎಂದ.

ಚೀಟಿ ಎಲ್ಲಿ ಎಂದೆ. ಒಳಗಿನಿಂದ ತಂಗಿ ಹೇಳಿದಳು: "ಹಾಲಿನವನು ಬಂದಿದ್ದ ಅಣ್ಣ. ಲೆಕ್ಕ ಅದರ ಮೇಲೇ ಇತ್ತಲ್ಲ, ಕೊಟ್ಟುಬಿಟ್ಟೆ." ಹಾಗಾಗಿ ಮೂಲ ಈಗ ಈ ವ್ಯಾಖ್ಯಾನದಲ್ಲಿ ಮಾತ್ರ ಉಳಿದಿದೆ.